ಹಿಮ ಮುಚ್ಚಲಾರದ ಗೆರೆಗಳು: ಚಳಿಗಾಲದ ಕಾಡಿನಲ್ಲಿ ಓರಿಯಂಟೀರಿಂಗ್

ಸ್ವೀಡನ್ನಿನ ಉಪ್ಸಾಲಾ ಊರಿನ ದಕ್ಷಿಣಕ್ಕೆ ಲುನ್ಸೆನ್ ಎಂಬ ಕಾಡಿದೆ. ಹೆಸರು ಹೇಳುವಂಥ ಬೆಟ್ಟ ಅಲ್ಲಿಲ್ಲ. ದೂರದಿಂದ ನೋಡಿದರೆ ಸಪಾಟು ನೆಲ, ಪೈನ್ ಮತ್ತು ಸ್ಪ್ರೂಸ್ ಮರ, ಅಷ್ಟೆ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ. ಹತ್ತು ಹೆಜ್ಜೆಗೊಂದು ಬಂಡೆ. ಬಂಡೆ ದಾಟಿದರೆ ಜೌಗು. ಜೌಗು ದಾಟಿದರೆ ಆಳೆತ್ತರದ ದಿಬ್ಬ, ಅದರಾಚೆ ಮತ್ತೆ ಜೌಗು. ಎತ್ತ ತಿರುಗಿದರೂ ಕಾಡು ಒಂದೇ ಥರ ಕಾಣುತ್ತದೆ.

ಫೆಬ್ರವರಿಯ ಒಂದು ಭಾನುವಾರ ನಾನು ಅದರ ನಡುವೆ ನಿಂತಿದ್ದೆ. ಮೈನಸ್ ಏಳು ಡಿಗ್ರಿ. ಮೊಣಕಾಲಿಗಿಂತ ಸ್ವಲ್ಪ ಕೆಳಗಿನವರೆಗೆ ಹಿಮ. ಎಡಗೈಯಲ್ಲಿ ನಕ್ಷೆ, ಅದೇ ಕೈಯ ಹೆಬ್ಬೆರಳಿಗೆ ದಿಕ್ಸೂಚಿ. ನಕ್ಷೆಯಲ್ಲಿ ಒಂದು ಕಾಲುದಾರಿ, ಒಂದು ಹಳ್ಳ, ಆರು ಬಂಡೆ ಇದ್ದವು. ನನ್ನ ಕಣ್ಣೆದುರು ಇದ್ದದ್ದು ಬಿಳುಪು ಮಾತ್ರ.

ಓರಿಯಂಟೀರಿಂಗ್ ಅಂದರೆ ನಕ್ಷೆ, ದಿಕ್ಸೂಚಿ ಹಿಡಿದು ದಾರಿ ಹುಡುಕುತ್ತಾ ಓಡುವ ಆಟ. ಹಿಮದ ಕಾಡಿನಲ್ಲಿ ಅದು ಎಂದರೆ ಈ ಪ್ರಶ್ನೆಯೇ: ನಕ್ಷೆ ತೋರಿಸುವ ಅರ್ಧ ವಸ್ತುಗಳು ಹಿಮದಡಿ ಮಾಯವಾದಾಗ ನಾನೆಲ್ಲಿದ್ದೇನೆ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಕಾಲಿನ ಬಲ ಬೇಕು, ನಿಜ. ಆದರೆ ನಾಲ್ಕು ಚಳಿಗಾಲ ಓಡಿದ ಮೇಲೆ ನನಗೆ ಖಾತ್ರಿಯಾದದ್ದು ಬೇರೆ. ಹಿಮ ಏನನ್ನು ಮುಚ್ಚುತ್ತದೆ, ಏನನ್ನು ಮುಚ್ಚಲಾರದು ಎಂದು ಮೊದಲೇ ತಿಳಿದವರು ಗೆಲ್ಲುತ್ತಾರೆ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ಆಟ ಏನು?

ನಿಯಮ ತುಂಬಾ ಸರಳ. ಓಟ ಶುರುವಾಗುವ ಕ್ಷಣದಲ್ಲಿ ನಿಮ್ಮ ಕೈಗೆ ಕಾಡಿನ ನಕ್ಷೆ ಸಿಗುತ್ತದೆ. ಅದರ ಮೇಲೆ ನೇರಳೆ ಬಣ್ಣದಲ್ಲಿ ಒಂದು ತ್ರಿಕೋನ, ಅದು ಶುರುವಿನ ಜಾಗ. ಆಮೇಲೆ ಸಂಖ್ಯೆ ಹಾಕಿದ ವೃತ್ತಗಳು. ಕೊನೆಯಲ್ಲಿ ಒಂದರೊಳಗೊಂದು ಎರಡು ವೃತ್ತ, ಅದು ಮುಗಿಯುವ ಜಾಗ. ಪ್ರತಿ ವೃತ್ತದ ನಟ್ಟನಡುವೆ ಕಾಡಿನಲ್ಲಿ ಒಂದು ಕಂಟ್ರೋಲ್ ಇರುತ್ತದೆ: 30 ಸೆಂಟಿಮೀಟರ್ ಚೌಕದ ಕಿತ್ತಳೆ-ಬಿಳಿ ಬಟ್ಟೆಯ ಗುರುತು, ಪಕ್ಕದಲ್ಲಿ ಒಂದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ. ಬೆರಳಿಗೆ ಕಟ್ಟಿಕೊಂಡ ಚಿಪ್ ಅದಕ್ಕೆ ತಾಗಿಸಿದರೆ ಬೀಪ್ ಅನ್ನುತ್ತದೆ. ನೀವು ಬಂದ ಹೊತ್ತು ದಾಖಲಾಯಿತು. ಎಲ್ಲ ಕಂಟ್ರೋಲ್‌ಗಳನ್ನೂ ಅದೇ ಕ್ರಮದಲ್ಲಿ ಮುಟ್ಟಬೇಕು. ಒಂದರಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗುತ್ತೀರಿ ಅನ್ನುವುದು ಪೂರ್ತಿ ನಿಮಗೆ ಬಿಟ್ಟದ್ದು. ಕಡಿಮೆ ಹೊತ್ತು ತೆಗೆದುಕೊಂಡವರು ಗೆದ್ದರು.

ಪ್ರತಿ ಕಂಟ್ರೋಲ್‌ಗೂ ಒಂದು ಕೋಡ್ ಇರುತ್ತದೆ, ಸಾಮಾನ್ಯವಾಗಿ 31ರಿಂದ ಮೇಲಿನ ಸಂಖ್ಯೆ. ಮೊದಲನೆಯದು, ಎರಡನೆಯದು ಎಂಬ ಕ್ರಮಸಂಖ್ಯೆಯ ಜೊತೆ ಗೊಂದಲ ಆಗದಿರಲಿ ಅಂತ ಹೀಗೆ. ಈ ಕೋಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಆಟ ಹುಟ್ಟಿದ್ದೇ ಇಂಥ ಉತ್ತರದ ಕಾಡಿನಲ್ಲಿ. 19ನೇ ಶತಮಾನದ ಕೊನೆಯಲ್ಲಿ ಸ್ವೀಡನ್ ಮತ್ತು ನಾರ್ವೆ ಸೈನ್ಯದ ತರಬೇತಿಯಾಗಿ ಶುರುವಾಯಿತು. 1919ರ ಮಾರ್ಚ್‌ನಲ್ಲಿ ಅರ್ನ್‌ಸ್ಟ್ ಕಿಲಾಂಡರ್ ಎಂಬ ಸೇನಾಧಿಕಾರಿ ಸ್ಟಾಕ್‌ಹೋಮ್ ಹತ್ತಿರದ ಸಾಲ್ಟ್‌ಶೋಬಾದೆನ್‌ನಲ್ಲಿ ದೊಡ್ಡ ಸ್ಪರ್ಧೆ ನಡೆಸಿದರು. ಇಂದಿನ ರೂಪದ ಆಟಕ್ಕೆ ಅವರನ್ನೇ ತಂದೆ ಅನ್ನುತ್ತಾರೆ. ಆಗಿನವರು ಓಡುತ್ತಿದ್ದದ್ದು 1:1,00,000 ಅಳತೆಯ ಸೈನ್ಯದ ನಕ್ಷೆ ಹಿಡಿದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಬಂಡೆಯ ಮಾತು ಬಿಡಿ, ಸಣ್ಣಪುಟ್ಟ ಗುಡ್ಡವೂ ಅದರಲ್ಲಿ ಇರುತ್ತಿರಲಿಲ್ಲ. ಈಗ ನಮ್ಮ ಕೈಗೆ ಬರುವುದು 1:10,000 ಅಥವಾ 1:15,000. ಮೊದಲನೆಯದರಲ್ಲಿ ಒಂದು ಸೆಂಟಿಮೀಟರಿಗೆ 100 ಮೀಟರ್. ಎದೆಯೆತ್ತರದ ಬಂಡೆಗೂ ಅದರಲ್ಲಿ ಒಂದು ಚುಕ್ಕೆ ಇರುತ್ತದೆ. ಹೀಗೆ ಆಟಕ್ಕೆಂದೇ ಬಣ್ಣದ ನಕ್ಷೆ ಮೊದಲು ಅಚ್ಚಾದದ್ದು 1950ರಲ್ಲಿ, ನಾರ್ವೆಯಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ 1961ರಲ್ಲಿ ಆಯಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1966ರಲ್ಲಿ, ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ.

ಬಣ್ಣಗಳು, ಮತ್ತು ಒಂದು ಕೆರೆ

ನಕ್ಷೆಯಲ್ಲಿ ಮುಖ್ಯವಾಗಿ ಆರು ಬಣ್ಣ. ನೀಲಿ ಅಂದರೆ ನೀರು: ಕೆರೆ, ಹಳ್ಳ, ಜೌಗು. ಕಪ್ಪು ಅಂದರೆ ಬಂಡೆ, ಬಂಡೆಗೋಡೆ, ದಾರಿ, ಮನೆ. ಹಳದಿ ಅಂದರೆ ಬಯಲು. ಹಸಿರು ಅಂದರೆ ದಟ್ಟ ಪೊದೆ; ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಹೊಸಬರು ಇಲ್ಲಿ ಎಡವುತ್ತಾರೆ. ಕಾಡು ಅಂದ ಮೇಲೆ ಹಸಿರು ಇರಬೇಕು ಅಲ್ವಾ? ಈ ನಕ್ಷೆಯಲ್ಲಿ ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ.

ಉಳಿದದ್ದು ಕಂದು. ಅದು ನೆಲದ ಏರಿಳಿತ, ಕಾಂಟೂರ್ ಗೆರೆಗಳು. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ ಎಂದು ಪಾಠದ ಪುಸ್ತಕ ಹೇಳುತ್ತದೆ. ನನಗೆ ಅದು ತಲೆಗೆ ಹತ್ತಿದ್ದು ಬೇರೆ ರೀತಿಯಲ್ಲಿ. ಬೇಸಿಗೆಯಲ್ಲಿ ಶರಾವತಿ ಹಿನ್ನೀರನ್ನು ನೋಡಿದ್ದೀರಾ? ಅಥವಾ ನಿಮ್ಮೂರ ಕೆರೆಯನ್ನು? ನೀರು ಇಳಿದ ಹಾಗೆಲ್ಲ ದಂಡೆಯ ಮಣ್ಣಿನ ಮೇಲೆ ಒಂದರ ಕೆಳಗೆ ಒಂದು ಗೆರೆ ಉಳಿಯುತ್ತದೆ. ನೀರು ಯಾವಾಗಲೂ ಮಟ್ಟವಾಗಿ ನಿಲ್ಲುವುದರಿಂದ ಒಂದೊಂದು ಗೆರೆಯೂ ಒಂದೊಂದು ಎತ್ತರ. ದಂಡೆ ಕಡಿದಾಗಿರುವ ಕಡೆ ಗೆರೆಗಳು ಒತ್ತೊತ್ತಾಗಿ ಇರುತ್ತವೆ. ಇಳಿಜಾರು ಮೆಲ್ಲಗಿದ್ದರೆ ದೂರದೂರ ಹರಡಿಕೊಳ್ಳುತ್ತವೆ. ನೀರು ಗುಡ್ಡದೊಳಕ್ಕೆ ಚಾಚಿಕೊಂಡ ಕಡೆ ಗೆರೆಯೂ ಒಳಕ್ಕೆ ಬಾಗುತ್ತದೆ, ಅದು ಕಣಿವೆ. ಗುಡ್ಡ ನೀರಿನೊಳಕ್ಕೆ ಮೂಗು ಚಾಚಿದ ಕಡೆ ಗೆರೆ ಹೊರಕ್ಕೆ ಉಬ್ಬುತ್ತದೆ, ಅದು ಏಣು. ನಡುನೀರಿನ ನಡುಗಡ್ಡೆಯ ಸುತ್ತ ಗೆರೆ ಬಳೆಯಂತೆ ಕೂಡಿಕೊಳ್ಳುತ್ತದೆ, ಅದು ದಿಬ್ಬ.

ಓರಿಯಂಟೀರಿಂಗ್ ನಕ್ಷೆಯಲ್ಲಿ ಈ ಗೆರೆಗಳ ನಡುವೆ ಸಾಮಾನ್ಯವಾಗಿ 5 ಮೀಟರ್ ಎತ್ತರದ ಅಂತರ. ತೀರಾ ಸಪಾಟು ಜಾಗದಲ್ಲಿ 2.5 ಮೀಟರ್. ಮೇಲಿನಿಂದ ನೋಡಿದ ಒಂದು ಬತ್ತುವ ಕೆರೆ ಅಂದುಕೊಳ್ಳಿ, ಅಷ್ಟು ಸಾಕು. ಕಾಡಿನ ಆಕಾರ ಕಾಗದದ ಮೇಲೆ ಎದ್ದು ನಿಲ್ಲುತ್ತದೆ.

ಹಿಮ ಬಿದ್ದ ಮೇಲೆ

ಈಗ ಆ ನಕ್ಷೆಯ ಮೇಲೆ 40 ಸೆಂಟಿಮೀಟರ್ ಹಿಮ ಸುರಿಯೋಣ.

ಮೊದಲು ಹೋಗುವುದು ನೀಲಿ. ಸಣ್ಣ ಹಳ್ಳ ಹಿಮದಡಿ ಮುಚ್ಚಿಹೋಗುತ್ತದೆ. ಕೆರೆ, ಜೌಗು, ಬಯಲು ಮೂರೂ ಒಂದೇ ಬಿಳಿ ಹಾಸಿಗೆ. ಬಿಡಿಸಿ ನೋಡುವುದಕ್ಕೆ ಉಪಾಯಗಳಿವೆ. ಜೌಗಿನಲ್ಲಿ ಬೆಳೆದ ಪೈನ್ ಮರ ಕುಳ್ಳಗೆ, ಸೊರಗಿ ನಿಂತಿರುತ್ತದೆ. ಕೆರೆಯ ಅಂಚಿನಲ್ಲಿ ಒಣ ಜೊಂಡು ಹಿಮದ ಮೇಲೆ ತಲೆ ಎತ್ತಿರುತ್ತದೆ. ಬಯಲಿನಲ್ಲಿ ಎರಡೂ ಇಲ್ಲ.

ಆಮೇಲೆ ಕಪ್ಪು. ಮೀಟರ್ ಎತ್ತರದ ಬಂಡೆಯ ಮೇಲೆ ಹಿಮ ಕೂತರೆ ಅದು ಸುಮ್ನೆ ಒಂದು ಉಬ್ಬು. ಬುಡಸಮೇತ ಬಿದ್ದ ಮರದ ಬೇರಿನ ಗಂಟೂ ಅದೇ ಥರದ ಉಬ್ಬು. ಇರುವೆಗಳು ಕಟ್ಟಿದ ಸೂಜಿ ಎಲೆಯ ಗುಡ್ಡೆಯೂ ಅಷ್ಟೆ. ಇಲ್ಲಿ ಅವು ಸೊಂಟದೆತ್ತರ ಬೆಳೆಯುತ್ತವೆ. ದೂರದಿಂದ ಮೂರನ್ನೂ ಬೇರೆ ಮಾಡಲು ಆಗುವುದಿಲ್ಲ. ಕಾಲುದಾರಿ ನೆಲದ ಮೇಲೆ ಕಾಣುವುದಿಲ್ಲ. ಆಗ ತಲೆ ಎತ್ತಬೇಕು. ಕೆಳಗೆ ದಾರಿ ಮುಚ್ಚಿದ್ದರೂ ಮೇಲೆ ಮರಗಳ ನಡುವೆ ಆಕಾಶದ ಒಂದು ಸೀಳು ಉಳಿದಿರುತ್ತದೆ. ವಿದ್ಯುತ್ ಲೈನಿನ ಕೆಳಗೆ ಮರ ಕಡಿದ ಪಟ್ಟಿ ಇದ್ದರೆ ಅದಂತೂ ಎಷ್ಟೇ ಹಿಮ ಬಿದ್ದರೂ ಎದ್ದು ಕಾಣುತ್ತದೆ.

ಹಸಿರಿನ ಕಥೆ ಉಲ್ಟಾ. ಅದು ಮಾಯವಾಗುವುದಿಲ್ಲ, ಜಾಸ್ತಿಯಾಗುತ್ತದೆ. ಎಳೆಯ ಸ್ಪ್ರೂಸ್ ಗಿಡಗಳು ಹಿಮ ಹೊತ್ತು ಬಾಗಿ, ಒಂದಕ್ಕೊಂದು ತೆಕ್ಕೆ ಬಿದ್ದಿರುತ್ತವೆ. ಬೇಸಿಗೆಯಲ್ಲಿ ತಿಳಿಹಸಿರು ಅಂತ ಬರೆದ ಜಾಗ ಚಳಿಗಾಲದಲ್ಲಿ ಗೋಡೆ. ನುಗ್ಗಿದರೆ ಒಂದೊಂದು ಕೊಂಬೆಯೂ ಒಂದೊಂದು ಬೊಗಸೆ ಹಿಮವನ್ನು ಕುತ್ತಿಗೆಯೊಳಕ್ಕೆ ಸುರಿಯುತ್ತದೆ. ಅದು ಬೆನ್ನಿನ ಮೇಲೆ ಕರಗಿ ಇಳಿಯುವಾಗ ನಕ್ಷೆ ನೋಡುವ ಗಮನವೇ ಇರುವುದಿಲ್ಲ.

ಉಳಿಯುವುದು ಕಂದು ಒಂದೇ. ಅರ್ಧ ಮೀಟರ್ ಹಿಮ ಹತ್ತು ಮೀಟರಿನ ದಿಬ್ಬವನ್ನು ಅಡಗಿಸಲಾರದು. ಏಣು ಏಣಾಗಿಯೇ ಇರುತ್ತದೆ, ಕಣಿವೆ ಕಣಿವೆಯಾಗಿಯೇ. ಕೆಲವು ಸಲ ಹಿಮ ಉಪಕಾರವನ್ನೂ ಮಾಡುತ್ತದೆ. ಬೇಸಿಗೆಯಲ್ಲಿ ಪೊದೆ, ಹುಲ್ಲು, ಬ್ಲೂಬೆರಿ ಗಿಡಗಳ ನಡುವೆ ಕಾಣದ ನೆಲದ ಮಡಿಕೆ ಹಿಮದ ಮೇಲೆ ಓರೆ ಬಿಸಿಲು ಬಿದ್ದಾಗ ನೆರಳಿನ ಸಮೇತ ಕಾಣುತ್ತದೆ. ಅದಕ್ಕೇ ಅನುಭವಸ್ಥರು ಚಳಿಗಾಲದ ಓಟದಲ್ಲಿ "ದಾರಿ ಹಿಡಿದು ಹೋಗಿ ಮೂರನೇ ಬಂಡೆಯ ಹತ್ತಿರ ತಿರುಗುತ್ತೇನೆ" ಅಂತ ಯೋಜನೆ ಹಾಕುವುದಿಲ್ಲ. "ಉದ್ದ ಏಣಿನ ಬೆನ್ನಿನ ಮೇಲೆ ಹೋಗಿ, ಅದು ಇಳಿಯುವ ತುದಿಯಲ್ಲಿ ಎಡಕ್ಕೆ" ಅಂತ ಹಾಕುತ್ತಾರೆ.

ದಾರಿಯ ಆಯ್ಕೆಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಜೌಗು ಅಂದರೆ ಕೆಸರು, ಒಂದೊಂದು ಹೆಜ್ಜೆಗೂ ಕಾಲು ಕೀಳಬೇಕು. ಎಲ್ಲರೂ ಸುತ್ತಿಕೊಂಡು ಹೋಗುತ್ತಾರೆ. ಚಳಿಗಾಲದಲ್ಲಿ ಅದೇ ಜೌಗು ಹೆಪ್ಪುಗಟ್ಟಿ ಹೆದ್ದಾರಿಯಾಗುತ್ತದೆ. ಬಂಡೆಯಿಲ್ಲ, ಬಿದ್ದ ಮರವಿಲ್ಲ, ಏರಿಳಿತವಿಲ್ಲ. ಮಾರ್ಚ್ ಹೊತ್ತಿಗೆ ಇನ್ನೊಂದು ಸೊಗಸು ಸೇರಿಕೊಳ್ಳುತ್ತದೆ. ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ, ರಾತ್ರಿ ಗಟ್ಟಿಯಾಗುತ್ತದೆ. ಈ ಗಟ್ಟಿ ಪದರಕ್ಕೆ ಸ್ವೀಡಿಷ್‌ನಲ್ಲಿ 'ಸ್ಕಾರೆ' ಅನ್ನುತ್ತಾರೆ. ಬೆಳಗ್ಗೆ ಅದು ಮೈಭಾರ ತಡೆಯುತ್ತದೆ. ಮಧ್ಯಾಹ್ನ ತಡೆಯುವುದಿಲ್ಲ. ಒಂದೇ ಕಾಡು, ಒಂದೇ ದಿನ. ಬೆಳಗ್ಗೆ ಹತ್ತಕ್ಕೆ ಹೊರಟವರು ಮೇಲ್ಮೈ ಮೇಲೆ ಓಡಿದರೆ, ಹನ್ನೆರಡಕ್ಕೆ ಹೊರಟವರು ತೊಡೆಯವರೆಗೆ ಹೂತುಹೋಗುತ್ತಾರೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಿಮ ಕಂಬಳಿಯ ಹಾಗೆ. ಅದರ ಕೆಳಗಿನ ನೀರಿಗೆ ಮೇಲಿನ ಚಳಿ ಸರಿಯಾಗಿ ತಟ್ಟುವುದಿಲ್ಲ. ಆದ್ದರಿಂದ ದಪ್ಪ ಹಿಮದ ಕೆಳಗಿನ ಮಂಜುಗಡ್ಡೆ ತೆಳುವಾಗಿರಬಹುದು. ಹಳ್ಳ ಜೌಗಿಗೋ ಕೆರೆಗೋ ಸೇರುವ ಬಾಯಿಯಲ್ಲಂತೂ ನೀರು ಹರಿಯುತ್ತಲೇ ಇರುವುದರಿಂದ ಅದು ಇನ್ನೂ ತೆಳು. ನಕ್ಷೆಯಲ್ಲಿ ನೀಲಿ ಗೆರೆ ನೀಲಿ ಜಾಗವನ್ನು ಮುಟ್ಟುವ ಕಡೆ ನಾನು ಕಾಲಿಡುವುದಿಲ್ಲ, ಐವತ್ತು ಮೀಟರ್ ಸುತ್ತಾದರೂ ಸರಿ.

ಆರರಿಂದ ಏಳಕ್ಕೆ

ಮೊದಲು ಹೇಳಿದ ಆ ಭಾನುವಾರಕ್ಕೆ ಬರುತ್ತೇನೆ. ಆರನೇ ಕಂಟ್ರೋಲ್ ಮುಗಿದಿತ್ತು. ಏಳನೆಯದು ನಕ್ಷೆಯಲ್ಲಿ 4.2 ಸೆಂಟಿಮೀಟರ್ ದೂರ, ಅಂದರೆ 420 ಮೀಟರ್. ಕೋಡ್ 84. ವಿವರ: ಒಂದೂವರೆ ಮೀಟರಿನ ಬಂಡೆ, ಅದರ ಉತ್ತರದ ಬದಿ. ಬಂಡೆಯನ್ನು ನೇರವಾಗಿ ಹುಡುಕುವುದು ಈ ಹಿಮದಲ್ಲಿ ಆಗದ ಮಾತು. ಹಾಗಾಗಿ ಮೊದಲು ಖಚಿತವಾಗಿ ಸಿಗುವ ದೊಡ್ಡದೊಂದನ್ನು ಆರಿಸಿಕೊಳ್ಳಬೇಕು. ಬಂಡೆಗೆ 90 ಮೀಟರ್ ಮೊದಲು ಒಂದು ಉದ್ದ ಏಣಿನ ತುದಿ ಇತ್ತು. ಅಲ್ಲಿಯವರೆಗೆ ಜೋರಾಗಿ ಓಡುವುದು, ಅಲ್ಲಿಂದ ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸುತ್ತಾ ನಿಧಾನಕ್ಕೆ ಹೋಗುವುದು. ಯೋಜನೆ ಸರಿಯಾಗಿತ್ತು.

ಆದರೆ ನೂರು ಮೀಟರ್ ಹೋಗುವಷ್ಟರಲ್ಲಿ ಎದುರಿಗೆ ಹೆಜ್ಜೆಗುರುತು ಸಿಕ್ಕಿತು. ಮೂರ್ನಾಲ್ಕು ಜನ ಹೋದ ಹಾಗಿತ್ತು. ದಿಕ್ಕು ಹೆಚ್ಚುಕಡಿಮೆ ನನ್ನದೇ. ಹೊಸ ಹಿಮ ತುಳಿಯುವುದಕ್ಕೂ, ತುಳಿದ ಜಾಡಿನಲ್ಲಿ ಓಡುವುದಕ್ಕೂ ಎಷ್ಟು ವ್ಯತ್ಯಾಸ ಅಂದರೆ, ಕಾಲು ತನ್ನಷ್ಟಕ್ಕೆ ಅತ್ತ ತಿರುಗುತ್ತದೆ. ಉಸಿರು ಹಗುರಾಯಿತು. ನಕ್ಷೆ ನೋಡುವುದನ್ನು ಬಿಟ್ಟೆ. ಎರಡು ನಿಮಿಷದಲ್ಲಿ ಕಿತ್ತಳೆ-ಬಿಳಿ ಬಟ್ಟೆ ಕಂಡಿತು. ಖುಷಿಯಿಂದ ಚಿಪ್ ಚಾಚಿದೆ. ಕೋಡ್ ನೋಡಿದೆ. 91.

ಅದು ಬೇರೆ ವಯಸ್ಸಿನ ಗುಂಪಿನವರ ಕಂಟ್ರೋಲ್. ನನ್ನ ನಕ್ಷೆಯಲ್ಲಿ ಅದಿಲ್ಲ. ಅಂದರೆ ನಾನೀಗ ಎಲ್ಲಿದ್ದೇನೆ ಅಂತ ಹೇಳುವುದು ಏನೂ ಇಲ್ಲ.

ಇಂಥ ಹೊತ್ತಿನಲ್ಲಿ ಮನಸ್ಸು ಒಂದು ಆಟ ಆಡುತ್ತದೆ. ಕಾಡನ್ನು ನೋಡಿ ನಕ್ಷೆಯಲ್ಲಿ ಹುಡುಕುವ ಬದಲು, ನಕ್ಷೆಯಲ್ಲಿ ತನಗೆ ಬೇಕಾದ ಜಾಗ ಆರಿಸಿ ಕಾಡನ್ನು ಅದಕ್ಕೆ ಹೊಂದಿಸಲು ನೋಡುತ್ತದೆ. ಆ ಉಬ್ಬೇ ನನ್ನ ಬಂಡೆ ಇರಬೇಕು, ಆ ತಗ್ಗೇ ಹಳ್ಳ ಇರಬೇಕು ಅಂತ. ನಾನೂ ಮೊದಲ ಒಂದು ನಿಮಿಷ ಹಾಗೇ ಮಾಡಿದೆ. ಆಮೇಲೆ ಉಬ್ಬುಗಳನ್ನು ಮರೆತು ದೊಡ್ಡ ಆಕಾರ ನೋಡಿದೆ. ಎಡಕ್ಕೆ ನೆಲ ಕಡಿದಾಗಿ ಇಳಿಯುತ್ತಿತ್ತು. ಮುಂದೆ ಎರಡು ದಿಬ್ಬ, ಅವುಗಳ ನಡುವೆ ಕುದುರೆಯ ಜೀನಿನಂಥ ತಗ್ಗು. ಕಂದು ಗೆರೆಗಳಲ್ಲಿ ಅಂಥ ಜಾಗ ಎರಡು ಇದ್ದವು. ಒಂದರಲ್ಲಿ ಇಳಿಜಾರು ಉತ್ತರಕ್ಕೆ, ಇನ್ನೊಂದರಲ್ಲಿ ಪಶ್ಚಿಮಕ್ಕೆ. ದಿಕ್ಸೂಚಿ ನೋಡಿದೆ. ಇಳಿಜಾರು ಪಶ್ಚಿಮಕ್ಕಿತ್ತು. ಸಿಕ್ಕಿತು. ನಾನು 84ರಿಂದ 160 ಮೀಟರ್ ಪೂರ್ವಕ್ಕೆ ಬಂದಿದ್ದೆ.

ಇಷ್ಟಕ್ಕೆ ಆರೂವರೆ ನಿಮಿಷ ಹೋಯಿತು. ನನ್ನ ತಪ್ಪು ದಾರಿ ತಪ್ಪಿದ್ದರಲ್ಲಿ ಇರಲಿಲ್ಲ. ಹೆಜ್ಜೆಗುರುತು ಕಂಡ ಕ್ಷಣದಲ್ಲಿ ನಕ್ಷೆ ಓದುವುದನ್ನು ನಿಲ್ಲಿಸಿದ್ದರಲ್ಲಿ ಇತ್ತು.

ಈ ಹೆಜ್ಜೆಗುರುತಿನ ವಿಷಯ ಹಿಮದ ಓಟದ ದೊಡ್ಡ ಜಟಿಲತೆ. ಒಬ್ಬೊಬ್ಬರಾಗಿ ಓಡುವ ಸ್ಪರ್ಧೆಗಳಲ್ಲಿ ಜನರನ್ನು ಅಂತರ ಬಿಟ್ಟು ಕಳಿಸುತ್ತಾರೆ. ವಿಶ್ವ ಚಾಂಪಿಯನ್‌ಶಿಪ್‌ನ ಉದ್ದದ ಓಟದಲ್ಲಿ ಈ ಅಂತರ ಮೂರು ನಿಮಿಷ. ಪ್ರತಿಯೊಬ್ಬರೂ ತಮ್ಮ ದಾರಿ ತಾವೇ ಹುಡುಕಬೇಕು, ಬೇರೆಯವರ ಹಿಂದೆ ಹೋಗಬಾರದು ಎಂಬುದು ನಿಯಮ. ಆದರೆ ಹಿಮದ ಮೇಲೆ ಮೊದಲು ಹೋದವರ ಜಾಡು ಉಳಿದುಬಿಡುತ್ತದೆ. ಮೊದಲು ಹೊರಟವರು ದಾರಿ ತುಳಿಯುವ ಕಷ್ಟ ಪಡುತ್ತಾರೆ, ಹಿಂದೆ ಬಂದವರಿಗೆ ಅದು ಪುಕ್ಕಟೆ. ಜಾಡು ಕಣ್ಣಿಗೆ ಬೀಳದಂತೆ ಓಡು ಅಂತ ಯಾರಿಗೂ ಹೇಳಲಾಗದು. ರಿಲೇ ಓಟದಲ್ಲಿ ಇದಕ್ಕೊಂದು ಪರಿಹಾರವಿದೆ. ಸ್ವೀಡಿಷ್‌ನಲ್ಲಿ ಅದಕ್ಕೆ 'ಗಾಫ್ಲಿಂಗ್' ಅನ್ನುತ್ತಾರೆ, ಊಟದ ಫೋರ್ಕ್‌ನ ಹೆಸರಿನಿಂದ ಬಂದ ಪದ. ಫೋರ್ಕಿನ ಹಲ್ಲುಗಳ ಹಾಗೆ ದಾರಿಯನ್ನು ಕವಲೊಡೆಸುತ್ತಾರೆ. ಒಂದು ತಂಡದವರಿಗೆ ಐದನೇ ಕಂಟ್ರೋಲ್ ಈ ಬಂಡೆ, ಇನ್ನೊಂದು ತಂಡಕ್ಕೆ ಅಲ್ಲೇ ನೂರು ಮೀಟರ್ ಆಚೆಯ ಬೇರೊಂದು. ಎಲ್ಲ ಸುತ್ತು ಮುಗಿಯುವಾಗ ಎಲ್ಲ ತಂಡಗಳೂ ಅವನ್ನೆಲ್ಲ ಮುಟ್ಟಿರುತ್ತವೆ, ಆದರೆ ಒಂದೇ ಹೊತ್ತಿಗೆ ಅಲ್ಲ. ಕಣ್ಣುಮುಚ್ಚಿ ಹಿಂಬಾಲಿಸಿದವರು ತಪ್ಪು ಕೋಡಿನ ಮುಂದೆ ನಿಲ್ಲುತ್ತಾರೆ.

ಐದು ಡಿಗ್ರಿಯ ಲೆಕ್ಕ

ದಿಕ್ಸೂಚಿ ಇದ್ದರೆ ಸಾಕಲ್ವಾ ಅಂತ ಊರಿನಲ್ಲಿ ತುಂಬಾ ಜನ ಕೇಳುತ್ತಾರೆ. ಸಾಕಾಗುವುದಿಲ್ಲ, ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ. 500 ಮೀಟರ್ ಓಡುವಾಗ ದಿಕ್ಕು ಬರೀ ಐದು ಡಿಗ್ರಿ ತಪ್ಪಿತು ಅಂದುಕೊಳ್ಳಿ. ಕೊನೆಗೆ ನೀವು ಸುಮಾರು 44 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಹಿಮ ಹೊತ್ತ ಸ್ಪ್ರೂಸ್ ಕಾಡಿನಲ್ಲಿ 20 ಮೀಟರ್ ಆಚೆ ಏನೂ ಕಾಣುವುದಿಲ್ಲ. 30 ಸೆಂಟಿಮೀಟರಿನ ಬಟ್ಟೆ ನಿಮ್ಮ ಪಕ್ಕದಲ್ಲೇ ಇದ್ದರೂ ನೀವು ದಾಟಿ ಹೋಗುತ್ತೀರಿ. ಬಂಡೆ, ಮರ ಸುತ್ತುತ್ತಾ ಓಡುವವರಿಗೆ ಐದು ಡಿಗ್ರಿ ಏನೇನೂ ಅಲ್ಲ.

ಇದಕ್ಕೆ ಒಂದು ಒಳ್ಳೆಯ ಉಪಾಯವೆಂದರೆ ಬೇಕೆಂದೇ ಸ್ವಲ್ಪ ತಪ್ಪುವುದು. ಕಂಟ್ರೋಲ್ ಒಂದು ಉದ್ದ ಕಣಿವೆಯಲ್ಲಿದೆ ಅನ್ನಿ. ನೇರ ಅದಕ್ಕೇ ಗುರಿಯಿಟ್ಟು ಹೋಗಿ ಕಣಿವೆಗೆ ಇಳಿದಾಗ ಅದು ಕಾಣದಿದ್ದರೆ, ಎಡಕ್ಕೆ ಹೋಗಬೇಕೋ ಬಲಕ್ಕೋ ಗೊತ್ತಾಗುವುದಿಲ್ಲ. ಮೊದಲೇ ಐವತ್ತು ಮೀಟರ್ ಬಲಕ್ಕೆ ಗುರಿಯಿಟ್ಟರೆ, ಕಣಿವೆ ಸಿಕ್ಕ ಕೂಡಲೇ ಎಡಕ್ಕೆ ತಿರುಗಿದರಾಯಿತು.

ದೂರ ಅಳೆಯುವುದಕ್ಕೆ ಹೆಜ್ಜೆ ಎಣಿಸುತ್ತೇವೆ. ಎಡಗಾಲು ನೆಲ ಮುಟ್ಟಿದಾಗ ಒಂದು. ಗಟ್ಟಿ ದಾರಿಯಲ್ಲಿ ನನಗೆ 100 ಮೀಟರಿಗೆ ಸುಮಾರು 42. ಬೇಸಿಗೆಯ ಕಾಡಿನಲ್ಲಿ 50. ಮೊಣಕಾಲುದ್ದ ಹಿಮದಲ್ಲಿ 65 ದಾಟುತ್ತದೆ. ಬೇಸಿಗೆಯ ಲೆಕ್ಕ ಹಿಡಿದರೆ ಕಂಟ್ರೋಲ್ ಇನ್ನೂ ಮುಂದಿರುವಾಗಲೇ ಬಂತು ಅಂದುಕೊಂಡು ಹುಡುಕಲು ಶುರುಮಾಡುತ್ತೇವೆ. ಹಾಗಾಗಿ ಓಟದ ಮೊದಲು ಬೆಚ್ಚಗಾಗಲು ಓಡುವಾಗಲೇ ಅವತ್ತಿನ ಹಿಮದಲ್ಲಿ ನೂರು ಮೀಟರ್ ಎಣಿಸಿ ನೋಡಿಕೊಳ್ಳುವುದು ಒಳ್ಳೆಯದು.

ಹಿಮ ಕೊಡುವ ಒಂದು ಸಹಾಯ ನನಗೆ ತುಂಬಾ ಇಷ್ಟ. ನೇರವಾಗಿ ಬಂದೆನೋ ಇಲ್ಲವೋ ಅಂತ ಅನುಮಾನ ಬಂದರೆ ಹಿಂದಿರುಗಿ ನೋಡಿ. ನಿಮ್ಮದೇ ಹೆಜ್ಜೆಯ ಸಾಲು ಅಲ್ಲಿರುತ್ತದೆ. ಅದು ಬಾಳೆಕಾಯಿಯ ಹಾಗೆ ಒಂದು ಕಡೆಗೆ ಬಾಗಿದ್ದರೆ ನೀವೂ ಅದೇ ಕಡೆಗೆ ಜಾರಿದ್ದೀರಿ. ಬೇಸಿಗೆಯ ಕಾಡಿನಲ್ಲಿ ಈ ಸಾಕ್ಷಿ ಸಿಗುವುದಿಲ್ಲ.

ಕತ್ತಲು ಮತ್ತು ಚಳಿ

ಡಿಸೆಂಬರಿನಲ್ಲಿ ಉಪ್ಸಾಲಾದಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕೆಲಸ ಮುಗಿಸಿ ಕಾಡಿಗೆ ಹೋಗುವವರಿಗೆ ಹಗಲು ಸಿಗುವುದೇ ಇಲ್ಲ. ಹಾಗಾಗಿ ಇಲ್ಲಿನ ಕ್ಲಬ್ಬುಗಳು ಚಳಿಗಾಲವಿಡೀ ರಾತ್ರಿ ಓಟ ನಡೆಸುತ್ತವೆ, ಹಣೆಗೆ ದೀಪ ಕಟ್ಟಿಕೊಂಡು. ಇದರ ಹಿಂದೆ ಒಂದು ಗುರಿಯೂ ಇದೆ. ಟಿಯೋಮಿಲಾ ಎಂಬ ರಿಲೇ 1945ರಿಂದ ನಡೆದುಬಂದಿದೆ. ಹೆಸರಿನ ಅರ್ಥ ಹತ್ತು ಸ್ವೀಡಿಷ್ ಮೈಲಿ, ಅಂದರೆ 100 ಕಿಲೋಮೀಟರ್. ತಂಡಕ್ಕೆ ಹತ್ತು ಜನ. ಶನಿವಾರ ರಾತ್ರಿ ಶುರುವಾಗಿ ಭಾನುವಾರ ಬೆಳಗ್ಗೆ ಮುಗಿಯುತ್ತದೆ. ನಾಲ್ಕನೇ ಸುತ್ತಿಗೆ 'ಉದ್ದ ರಾತ್ರಿ' ಅಂತಲೇ ಹೆಸರು. ವಸಂತದ ಆ ಒಂದು ರಾತ್ರಿಗೆ ತಯಾರಿ ಈ ಚಳಿಗಾಲದಲ್ಲೇ ಆಗಬೇಕು.

ರಾತ್ರಿಯಲ್ಲಿ ದೂರದ ಆಕಾರ ಕಾಣುವುದಿಲ್ಲ. ದೀಪದ ವೃತ್ತದೊಳಗೆ ಬಂದದ್ದು ಮಾತ್ರ ಕಾಣುತ್ತದೆ. ಕಾಲಿಗೆ ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ತಿಳಿಯುತ್ತದಲ್ಲ, ಅದನ್ನೇ ನಂಬಬೇಕು. ಹಿಮ ಬೀಳುತ್ತಿದ್ದರೆ ಹಣೆಯ ದೀಪದ ಬೆಳಕು ಕಣ್ಣೆದುರಿನ ಹಿಮದ ಚೂರುಗಳಿಗೆ ಬಡಿದು ವಾಪಸ್ ಬರುತ್ತದೆ, ಬಿಳಿ ಪರದೆ ಕಟ್ಟಿದ ಹಾಗೆ. ಆಗ ದೀಪವನ್ನು ಬಿಚ್ಚಿ ಸೊಂಟದ ಎತ್ತರದಲ್ಲಿ ಕೈಯಲ್ಲಿ ಹಿಡಿದರೆ ವಾಸಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಅದಕ್ಕೆ ಅದನ್ನು ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ.

ಬಟ್ಟೆಯ ವಿಷಯದಲ್ಲಿ ನಮ್ಮ ಕಡೆಯಿಂದ ಬಂದವರು ಮೊದಲು ಮಾಡುವ ತಪ್ಪು ಜಾಸ್ತಿ ಹಾಕಿಕೊಳ್ಳುವುದು. ಓಡುವಾಗ ಮೈ ಬೆವರುತ್ತದೆ. ದಾರಿ ತಪ್ಪಿ ನಿಂತ ಕೂಡಲೇ ಆ ಬೆವರೇ ತಣ್ಣಗಾಗಿ ಮೈಯ ಕಾವನ್ನು ಹೀರುತ್ತದೆ. ಹಿಮದಲ್ಲಿ ದಾರಿ ತಪ್ಪುವುದರ ನಿಜವಾದ ಅಪಾಯ ಇದು. ಚಳಿ ಏರಿದ ಹಾಗೆ ಬೆರಳು ಮರಗಟ್ಟುತ್ತದೆ, ಆಮೇಲೆ ಯೋಚನೆ ನಿಧಾನವಾಗುತ್ತದೆ, ಯೋಚನೆ ನಿಧಾನವಾದರೆ ನಕ್ಷೆ ಓದಲಾಗದು. ಹಾಗಾಗಿ ಸಿಗಲಿಲ್ಲ ಅಂದರೆ ನಿಂತು ಹುಡುಕುವುದಕ್ಕಿಂತ, ಖಚಿತವಾಗಿ ಗೊತ್ತಿರುವ ದೊಡ್ಡ ಗುರುತಿಗೆ ಓಡಿಕೊಂಡೇ ವಾಪಸ್ ಹೋಗುವುದು ಮೇಲು. ಬೆವರು ಹಿಡಿದಿಡದ ತೆಳು ಒಳಂಗಿ, ಗಾಳಿ ತಡೆಯುವ ಮೇಲಂಗಿ, ಮೊಣಕಾಲಿನವರೆಗೆ ಗೇಟರ್ ಎಂಬ ಕಾಲಿನ ಹೊದಿಕೆ, ಅಡಿಯಲ್ಲಿ ಲೋಹದ ಮೊಳೆಯಿರುವ ಬೂಟು. ಕುತ್ತಿಗೆಯಲ್ಲಿ ಒಂದು ಸೀಟಿ. ಅಪಾಯದಲ್ಲಿದ್ದರೆ ನಿಮಿಷಕ್ಕೆ ಆರು ಸಲ ಊದಬೇಕು.

ಓಟ ಅರ್ಧಕ್ಕೆ ಬಿಟ್ಟವರೂ ಮುಗಿಯುವ ಜಾಗಕ್ಕೆ ಬಂದು ಚಿಪ್ ತೋರಿಸಲೇಬೇಕು. ತೋರಿಸದೆ ಮನೆಗೆ ಹೋದರೆ, ಒಬ್ಬರು ಇನ್ನೂ ಕಾಡಿನಲ್ಲಿದ್ದಾರೆ ಎಂದು ಹತ್ತಾರು ಜನ ಚಳಿಯಲ್ಲಿ ಹುಡುಕಲು ಹೊರಡುತ್ತಾರೆ. ಗಾಯಗೊಂಡವರು ಕಂಡರೆ ನಿಲ್ಲುವುದು ಈ ಆಟದಲ್ಲಿ ಎಲ್ಲರ ಕರ್ತವ್ಯ. 2009ರಲ್ಲಿ ಹಂಗೇರಿಯ ಮಿಶ್ಕೋಲ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ಅದು ಬೇಸಿಗೆಯ ಕಾಡು. ಪುರುಷರ ರಿಲೇಯ ಕೊನೆಯ ಸುತ್ತಿನಲ್ಲಿ ಸ್ವೀಡನ್ನಿನ ಮಾರ್ಟಿನ್ ಯೊಹಾನ್ಸನ್ ಅವರ ತೊಡೆಗೆ ಕೊಂಬೆ ಆಳವಾಗಿ ಚುಚ್ಚಿಕೊಂಡಿತು. ಪದಕಕ್ಕಾಗಿ ಓಡುತ್ತಿದ್ದ ಫ್ರಾನ್ಸಿನ ಥಿಯೆರಿ ಗಿಯೋರ್ಗಿಯು, ನಾರ್ವೆಯ ಆಂಡರ್ಸ್ ನೂರ್ಡ್‌ಬರ್ಗ್, ಚೆಕ್ ದೇಶದ ಮಿಖಾಲ್ ಸ್ಮೊಲಾ ಮೂವರೂ ಓಟ ಬಿಟ್ಟು ಅವರ ಬಳಿ ನಿಂತರು. ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು. ನಾನು ಓಟಕ್ಕೆ ಹೊರಡುವಾಗೆಲ್ಲ ಈ ಮೂವರು ನೆನಪಾಗುತ್ತಾರೆ. ಕಾಡಿನಲ್ಲಿ ಒಬ್ಬಳೇ ಓಡುವಾಗಲೂ ಧೈರ್ಯ ಬರುವುದು ಅವರಂಥವರಿಂದ.

ಹಿಮ ಇನ್ನೂ ಹೆಚ್ಚಾದಾಗ ಸ್ಕೀ ಓರಿಯಂಟೀರಿಂಗ್ ಇದೆ. ಅದು ಬೇರೆಯದೇ ಆಟ. ಕಾಡಿನಲ್ಲಿ ಬಲೆಯಂತೆ ಸ್ಕೀ ಜಾಡುಗಳನ್ನು ಮಾಡಿ, ನಕ್ಷೆಯಲ್ಲಿ ಹಸಿರು ಗೆರೆಗಳಾಗಿ ತೋರಿಸುತ್ತಾರೆ. ನಕ್ಷೆಯನ್ನು ಎದೆಯ ಮೇಲಿನ ಹಲಗೆಗೆ ಸಿಕ್ಕಿಸಿಕೊಂಡು, ವೇಗದಲ್ಲಿ ಹೋಗುತ್ತಲೇ ಯಾವ ಕವಲು ಅಂತ ನಿರ್ಧರಿಸಬೇಕು. ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1975ರಲ್ಲಿ ಫಿನ್ಲೆಂಡಿನ ಹ್ಯೂವಿಂಕ್ಯಾದಲ್ಲಿ ಆಯಿತು. ಸ್ವೀಡನ್ನಿನ ತೂವೆ ಅಲೆಕ್ಸಾಂಡರ್ಸನ್ ಕಾಲ್ನಡಿಗೆಯ ಓಟ, ಸ್ಕೀ ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು.

ಓಟ ಮುಗಿದ ಮೇಲೆ

ಆ ಭಾನುವಾರ ನಾನು ಕೊನೆಗೂ ಮುಗಿಸಿ ಕ್ಲಬ್ಬಿನ ಮನೆಗೆ ಬಂದಾಗ ಗಾಜಿನ ಕಿಟಕಿಗಳೆಲ್ಲ ಹಬೆ ಕಟ್ಟಿದ್ದವು. ಇಲ್ಲಿ ಓಟದ ಮೇಲೆ ಬಿಸಿ ಬ್ಲೂಬೆರಿ ಸೂಪ್ ಕೊಡುತ್ತಾರೆ, ಸಿಹಿ, ಗಟ್ಟಿ, ನೇರಳೆ ಬಣ್ಣದ್ದು. ಎಲ್ಲರೂ ಒದ್ದೆ ಬೂಟಿಗೆ ಹಳೆ ಪೇಪರ್ ತುರುಕಿ, ಮೇಜಿನ ಸುತ್ತ ಕೂತು, ಕೆಂಪು ಪೆನ್ನಿನಲ್ಲಿ ನಕ್ಷೆಯ ಮೇಲೆ ತಾವು ಹೋದ ದಾರಿ ಎಳೆಯುತ್ತಿದ್ದರು. ಈ ಆಟದಲ್ಲಿ ಕಲಿಕೆಯ ಅರ್ಧ ಪಾಲು ಆಗುವುದು ಈ ಮೇಜಿನ ಮೇಲೆ.

ನನ್ನ ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ಹಿರಿಯರು ನನ್ನ ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು. ಆರರಿಂದ ಏಳಕ್ಕೆ ನಾನು ಎಳೆದ ಕೆಂಪು ಗೆರೆ ಪೂರ್ವಕ್ಕೆ ಹೋಗಿ ಕೊಕ್ಕೆಯ ಹಾಗೆ ವಾಪಸ್ ಬಂದಿತ್ತು. ಅದರ ಮೇಲೆ ಬೆರಳಿಟ್ಟು, "ಇಲ್ಲಿ ನೀನು ಏರು ಹತ್ತಬೇಕಿತ್ತು. ಹತ್ತಿದೆಯಾ?" ಅಂತ ಕೇಳಿದರು. ನೋಡಿದರೆ ನಿಜ. ಏಣಿನ ಬೆನ್ನಿಗೆ ಹೋಗಲು ಎರಡು ಕಂದು ಗೆರೆ ದಾಟಬೇಕಿತ್ತು, ಹತ್ತು ಮೀಟರ್ ಏರು. ಹೆಜ್ಜೆಗುರುತಿನ ಮೇಲೆ ನಾನು ಓಡಿದ್ದು ಪೂರ್ತಿ ಸಪಾಟು ನೆಲದಲ್ಲಿ. ಅಷ್ಟು ಹಗುರಾಗಿ ಓಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಮಂಗಳವಾರದ ಅಭ್ಯಾಸಕ್ಕೆ ಅವರೇ ನಕ್ಷೆ ತಂದಿದ್ದರು. ಅದೇ ಲುನ್ಸೆನ್, ಅದೇ ಅಳತೆ. ಹಳ್ಳ ಇಲ್ಲ, ದಾರಿ ಇಲ್ಲ, ಒಂದು ಬಂಡೆಯೂ ಇಲ್ಲ. ಬಿಳಿ ಕಾಗದದ ಮೇಲೆ ಕಂದು ಗೆರೆ ಮಾತ್ರ. ಹೊರಗೆ ಮತ್ತೆ ಹಿಮ ಬೀಳುತ್ತಿತ್ತು. ನಾನು ಹಣೆಯ ದೀಪ ಹಚ್ಚಿ, ಮೊದಲ ವೃತ್ತದವರೆಗೆ ಎಷ್ಟು ಗೆರೆ ಏರಬೇಕು, ಎಷ್ಟು ಇಳಿಯಬೇಕು ಅಂತ ಎಣಿಸತೊಡಗಿದೆ.